ಅಮಾವಾಸ್ಯೆಯ ಮರುದಿನ ಪಿಕಪ್ ಇಲ್ಲ

ನನ್ನ ಕಾರಿಗೆ ಕಾಯಿಲೆ ಬಂದಾಗ ಎಲ್ಲರೂ ಮೊದಲು ನೋಡಿದ್ದು ನನ್ನ ಕಾಲನ್ನು. ಎಕ್ಸಿಲೇಟರ್ ಒತ್ತಿದರೆ ಗಾಡಿ ಕೂಡಲೇ ಮುಂದೆ ಹೋಗುತ್ತಿರಲಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡವರಂತೆ ಒಂದು ಗಳಿಗೆ ತಡೆದು, ಆಮೇಲೆ ಎದೆ ಝಲ್ಲೆನ್ನುವಂತೆ ಹಾರುತ್ತಿತ್ತು. ಇದಕ್ಕೆ ಕಾರಣ ಹೇಳಲು ನಮ್ಮ ಓಣಿಯ ಗಂಡಸರು ಬಾನೆಟ್ ಎತ್ತಿ ನೋಡಬೇಕಾಗಲಿಲ್ಲ. “ಕ್ಲಚ್ ಮ್ಯಾಲ ಕಾಲಿಟ್ಟೇ ಹೊಡಿತೀರಿ ಅಕ್ಕೋರೆ, ಮತ್ತೇನಾಗ್ತದ?” ಎಂದು ಕಿರಾಣಿ ಅಂಗಡಿಯವನೂ ತೀರ್ಪು ಕೊಟ್ಟ. ಅವನಿಗೆ ಸೈಕಲ್ ಹೊಡೆಯಲಿಕ್ಕೂ ಬರುವುದಿಲ್ಲ.

ನಮ್ಮ ಮನೆ ಸುರಪುರದಲ್ಲಿ. ನಾನು ಗಣಿತ ಕಲಿಸುವ ಶಾಲೆ ಕಕ್ಕೇರಾದ ಹತ್ತಿರ. ವರ್ಷಗಟ್ಟಲೆ ಬಸ್ಸಿಗೆ ಕಾದು, ಬಸ್ಸು ತಪ್ಪಿದ ದಿನ ಜನ ತುಂಬಿದ ಟಂಟಂ ಆಟೋದ ಅಂಚಿಗೆ ಕುಂತು, ಸೀರೆಯ ಮೇಲೆಲ್ಲ ಧೂಳು ಹೊತ್ತು ತರಗತಿಗೆ ನುಗ್ಗಿದವಳು ನಾನು. ತಲೆಯಲ್ಲಿ ಬಿಳಿ ಕೂದಲು ಕಂಡ ಮೇಲೆ ಡ್ರೈವಿಂಗ್ ಕಲಿತು ಒಂದು ಹಳೆಯ ಕಾರು ತೆಗೆದುಕೊಂಡೆ. ಅದರ ಕೀಲಿ ನನ್ನ ಪರ್ಸಿನಲ್ಲಿ ಸದ್ದು ಮಾಡುವುದನ್ನು ಕೇಳಿದರೆ ಈಗಲೂ ಖುಷಿಯಾಗುತ್ತದೆ. ನನ್ನ ಗಂಡ ಕಚೇರಿಯಲ್ಲಿ ಕ್ಲರ್ಕು, ಮೋಟರ್‌ಸೈಕಲ್ಲಿನ ಮನುಷ್ಯ. ಕಾರು ಹೊಡೆಯಲು ಅವರಿಗೆ ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಆದರೆ ಮನೆಗೆ ಬಂದವರು ಅಂಗಳದ ಕಾರು ನೋಡಿ ಯಾರು ಹೊಡೆಯುತ್ತಾರೆಂದು ಕೇಳಿದರೆ ಸಾಕು, “ಇನ್ನಾ ಕಲಿಯಾಕತ್ತಾಳ್ರಿ” ಎನ್ನುತ್ತಿದ್ದರು. ನಾನು ದಿನಾ ಕಕ್ಕೇರಾಕ್ಕೆ ಹೋಗಿ ಬರುವುದು ಅವರ ಲೆಕ್ಕದಲ್ಲಿ ಕಲಿಕೆಯೇ ಆಗಿತ್ತು.

ಗಾಡಿಯನ್ನು ನಂಬಿದವರು ಮನೆಯಲ್ಲಿ ಒಬ್ಬರೇ, ನನ್ನ ಅತ್ತೆ. ದೇವಾಪುರದ ಹೊಲದಲ್ಲಿ ಮಾವನವರ ಕಾಲದಲ್ಲಿ ಒಂದು ಡೀಸೆಲ್ ಪಂಪ್‌ಸೆಟ್ ಇತ್ತು. ಪ್ರತಿ ಅಮಾವಾಸ್ಯೆಗೆ ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಆ ನೀರನ್ನು ಇಂಜಿನ್ನಿನ ನೆತ್ತಿಯ ಮೇಲೆ ಸುರಿಯುತ್ತಿದ್ದರಂತೆ. ಅದು ಒಂದು ದಿನವೂ ಕೈಕೊಡಲಿಲ್ಲ ಎನ್ನುವುದು ಅವರ ಹೆಮ್ಮೆ. ಕಾರು ಬಂದ ಮೇಲೆ ಆ ಭಕ್ತಿಯೆಲ್ಲ ಇದಕ್ಕೆ ಬಂತು. ಉಳಿದವರು ಚಕ್ರದ ಮುಂದೆ ನಿಂಬೆಹಣ್ಣಿಟ್ಟು, ಬಾನೆಟ್ಟಿಗೆ ವಿಭೂತಿ ಹಚ್ಚಿ ಪೂಜೆ ಮುಗಿಸುತ್ತಾರೆ. ಅತ್ತೆ ಅದನ್ನು ಒಪ್ಪುವವರಲ್ಲ. “ಮ್ಯಾಲಿನ ಡಬ್ಬಿಗಿ ಪೂಜಿ ಮಾಡಿದ್ರ ಏನ್ ಬಂತು? ಜೀವ ಇರೋದು ಇಂಜಿನ್‌ದಾಗ. ಬಾಗಲಾ ತಗಿಯವ್ವಾ” ಎನ್ನುತ್ತಿದ್ದರು. ನಾನು ಬಾನೆಟ್ ಎತ್ತುತ್ತಿದ್ದೆ, ಅವರು ಪೂಜೆ ಮಾಡುತ್ತಿದ್ದರು. ಮುಗಿದ ಮೇಲೆ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಂತು ಓಣಿಯ ತುದಿಯವರೆಗೆ ಒಂದು ಸುತ್ತು ಬರುತ್ತಿದ್ದರು. ಮುಂದಿನ ಸೀಟಿನಲ್ಲಿ ಕೂಡಲು ಅವರಿಗೆ ಹೆದರಿಕೆ.

ನನ್ನ ಮಿಸ್ತ್ರಿಯ ಗ್ಯಾರೇಜು ಶಹಾಪುರದಲ್ಲಿ. ಪಿಕಪ್ ಇಲ್ಲ ಎಂದು ಹೇಳಿದಾಗ ಅವರು ಪ್ಲಗ್ ಬದಲಿಸಿದರು, ಏರ್ ಫಿಲ್ಟರ್ ಬದಲಿಸಿದರು. ಗುಣ ಕಾಣದಾಗ ಸ್ಕ್ಯಾನರ್ ಹಚ್ಚಿ ನೋಡಿ ಥ್ರಾಟಲ್ ಸೆನ್ಸರ್ ಹೋಗಿದೆ ಎಂದರು. ನಾವು ಎಕ್ಸಿಲೇಟರ್ ಎಷ್ಟು ಒತ್ತಿದ್ದೇವೆಂದು ಇಂಜಿನ್ನಿನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವ, ಹೆಬ್ಬೆರಳಿನಷ್ಟು ದೊಡ್ಡ ಕರಿಯ ಸಾಮಾನು ಅದು. ಹೊಸ ಸೆನ್ಸರ್ ಬಂತು. ಗಾಡಿ ಬೆಣ್ಣೆಯ ಹಾಗೆ ಓಡಿತು. ಆಮೇಲೆ ಅಮಾವಾಸ್ಯೆ ಬಂತು, ಮರುದಿನ ಮತ್ತೆ ಅದೇ ತಡೆ, ಅದೇ ಹಾರಾಟ.

ಓಣಿಯವರಿಗೆ ಈಗ ಎರಡನೆಯ ಕಾರಣ ಸಿಕ್ಕಿತು, ಅಮಾಸಿ ಕಾಟ. ಅತ್ತೆ ಗಾಬರಿಯಾಗಿ ಮುಂದಿನ ಅಮಾವಾಸ್ಯೆಗೆ ಒಂದರ ಬದಲು ಜೋಡು ಕಾಯಿ ಒಡೆದರು. ಗಾಡಿ ಇನ್ನಷ್ಟು ಕೆಟ್ಟಿತು.

ಅದಾದ ಸ್ವಲ್ಪ ದಿನಕ್ಕೆ ಒಂದು ಭಾನುವಾರ ಅತ್ತೆಯನ್ನೂ ಗಂಡನನ್ನೂ ಕೂಡಿಸಿಕೊಂಡು ಯಾದಗಿರಿಗೆ ಒಂದು ಮದುವೆಗೆ ಹೊರಟಿದ್ದೆ. ಶಹಾಪುರದ ಆಚೆ ಮುಂದೆ ಹತ್ತಿ ಹೇರಿದ ಟ್ರ್ಯಾಕ್ಟರ್, ರಸ್ತೆಯ ಅರ್ಧದಷ್ಟು ಹೊಟ್ಟೆ ಬಿಟ್ಟುಕೊಂಡು ಹೋಗುತ್ತಿತ್ತು. ಎದುರಿನ ರಸ್ತೆ ಖಾಲಿ ಕಂಡಿತು. ಬಲಕ್ಕೆ ತೆಗೆದು ಎಕ್ಸಿಲೇಟರ್ ಒತ್ತಿದೆ. ಗಾಡಿ ತಡೆಯಿತು. ಅಷ್ಟರಲ್ಲಿ ತಿರುವಿನಿಂದ ಲಾರಿಯೊಂದು ಬಂತು. ನಾನು ಟ್ರ್ಯಾಕ್ಟರಿಗಿಂತ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಬ್ರೇಕ್ ತುಳಿದು ಹೇಗೋ ಮತ್ತೆ ಹಿಂದೆ ಸೇರಿಕೊಂಡೆ. ಲಾರಿಯ ಗಾಳಿಗೆ ನಮ್ಮ ಕಾರು ಅಲುಗಿತು. ಅತ್ತೆ ಹಿಂದೆ ಕಣ್ಣು ಮುಚ್ಚಿ ಕುಂತಿದ್ದರು, ಮಾತಾಡಿದ್ದು ನನ್ನ ಗಂಡ.

“ಸಾಕು. ಈ ಗಾಡಿ ಮಾರಿಬಿಡೂನು. ನಿನಗ ಹೊಂದಂಗಿಲ್ಲ.”

ಮದುವೆಯ ಊಟದ ಪಂಗ್ತಿಯಲ್ಲೇ ಅವರು ಯಾದಗಿರಿಯ ಒಬ್ಬ ಗಾಡಿ ದಲ್ಲಾಳಿಗೆ ಮಾತು ಕೊಟ್ಟರು. ಗಿರಾಕಿ ಸಿಕ್ಕ ಕೂಡಲೇ ಬರುತ್ತೇನೆಂದು ಆತ ಹೇಳಿದ. ಗಾಡಿ ಕೆಟ್ಟಿದೆ ಎಂದಿದ್ದರೆ ನಾನೇ ಮಾರುತ್ತಿದ್ದೆನೋ ಏನೋ. ನಿನಗೆ ಹೊಂದುವುದಿಲ್ಲ ಎಂದಿದ್ದು ಎದೆಗೆ ನಾಟಿತು. ಒಮ್ಮೆ ಈ ಮಾತು ಒಪ್ಪಿಕೊಂಡರೆ ಸಾಯುವವರೆಗೆ ಟಂಟಂನ ಅಂಚೇ ಗತಿ ಎಂದು ಗೊತ್ತಿತ್ತು. ಮಾರುವ ಮುಂಚೆ ರೋಗ ಯಾರದು ಎಂದು ತಿಳಿಯಲೇಬೇಕು, ಗಾಡಿಯದೋ ನನ್ನದೋ ಎಂದು ಹಟ ಹಿಡಿದೆ.

ಮರುದಿನ ರಜೆ ಹಾಕಿ ಒಬ್ಬಳೇ ಶಹಾಪುರಕ್ಕೆ ಹೋದೆ. ಪ್ರತಿ ಸಲ ಗ್ಯಾರೇಜಿಗೆ ಹೋಗುವ ಮುಂಚೆ ನಾನು ಇಂಜಿನ್ನಿನ ಮೇಲಿನ ಅರಿಶಿನ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಹೋಗುತ್ತಿದ್ದೆ. ಬೀಗರು ಬರುವ ಮುಂಚೆ ಮನೆ ಗುಡಿಸುವ ಹಾಗೆ, ಅದೊಂದು ಪದ್ಧತಿ. ಆ ದಿನ ಸಿಟ್ಟಿನಲ್ಲಿ ಒರೆಸಲೇ ಇಲ್ಲ.

ಮಿಸ್ತ್ರಿಗೂ ಬೇಸರ ಬಂದಿತ್ತು. “ಹೊಸಾ ಸೆನ್ಸರ್ ಹಾಕೀನ್ರಿ ಅಕ್ಕೋರೆ. ಅದೂ ಹೋತಂದ್ರ, ಜರಾ ನೀವು ಹೊಡಿಯೋದ್ರಾಗ...”

“ನನ್ನ ಕಾಲಿನ ಸುದ್ದಿ ಬ್ಯಾಡ್ರಿ. ಸ್ಕ್ಯಾನರ್ ಹಚ್ಚರಿ. ಇವತ್ತು ನಾನೂ ನೋಡ್ತೀನಿ.”

ಅವರು ಸ್ಕ್ಯಾನರ್ ಹಚ್ಚಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಾನು ಸೀಟಿನಲ್ಲಿ ಕುಂತು ಎಕ್ಸಿಲೇಟರನ್ನು ನಿಧಾನವಾಗಿ, ಒಂದೇ ಹದದಲ್ಲಿ ಒತ್ತಿದೆ. ಪರದೆಯ ಮೇಲೆ ಅಂಕಿ ಏರುತ್ತ ಹೋಯಿತು. ಸ್ವಲ್ಪ ಏರಿದ ಮೇಲೆ ಇದ್ದಕ್ಕಿದ್ದಂತೆ ಸೊನ್ನೆಗೆ ಬಿತ್ತು, ಮತ್ತೆ ಎದ್ದಿತು. ನನ್ನ ಕಾಲು ಅಲುಗಿರಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಬಿತ್ತು. ಮಕ್ಕಳಿಗೆ ಗ್ರಾಫ್ ಹಾಕಿ ತೋರಿಸುವವಳಿಗೆ ಇಷ್ಟು ಸಾಕಾಯಿತು. ನಾನು ಒತ್ತಿಯೇ ಇದ್ದೆ, ಆ ಸುದ್ದಿ ನಡುದಾರಿಯಲ್ಲಿ ಕಳೆದುಹೋಗುತ್ತಿತ್ತು. ಆ ಕ್ಷಣ ನನಗೆ ಅಳು ಬಂದಿದ್ದು ಖರೆ. ಮಿಸ್ತ್ರಿಯ ಎದುರು ಅಳಬಾರದೆಂದು ಸೀಟಿನ ಬೆಲ್ಟು ಸರಿ ಮಾಡಿಕೊಂಡೆ.

“ಸೆನ್ಸರ್ ಹೊಸದಿದ್ರ, ಅದಕ್ಕ ಹೋಗೋ ವೈರ್ ನೋಡ್ರಿ” ಎಂದೆ.

ಮಿಸ್ತ್ರಿ ಬಾನೆಟ್ಟಿನೊಳಗೆ ಬಗ್ಗಿ ವೈರನ್ನು ಬೆರಳಿನಿಂದ ಅಲುಗಿಸಿದರು. ಪರದೆಯ ಅಂಕಿ ಕುಣಿಯಿತು. ಈಗ ಅವರ ಬೇಸರವೂ ಹೋಯಿತು. ವೈರಿನ ತುದಿಯ ಪ್ಲಾಸ್ಟಿಕ್ ಕನೆಕ್ಟರನ್ನು ಸೆನ್ಸರಿನಿಂದ ಬಿಡಿಸಿದರು. ಒಳಗಿನ ಪಿನ್ನುಗಳಿಗೆ ತಾಮ್ರದ ಹಸಿರು ಹಿಡಿದಿತ್ತು. ನೀರು ಹೋಗದಂತೆ ತಡೆಯುವ ರಬ್ಬರು ಬಿಸಿಗೆ ಸೀಳಿತ್ತು.

“ನೀರು ಇಳದದ್ರಿ. ಆದ್ರ ಇದು ಬರೇ ನೀರಲ್ಲ, ಅಂಟು ಅಂಟು ಅದ. ಏನ್ ಚೆಲ್ಲೀರಿ ಇದರ ಮ್ಯಾಲ?” ಎಂದು ಕನೆಕ್ಟರನ್ನು ನನ್ನ ಕೈಗೆ ಕೊಟ್ಟರು.

ಮೂಗಿನ ಹತ್ತಿರ ಹಿಡಿದೆ. ಕಮಟು ಕೊಬ್ಬರಿಯ ವಾಸನೆ. ಬಗ್ಗಿ ನೋಡಿದರೆ ಸೆನ್ಸರಿನ ಪಕ್ಕದಲ್ಲಿ ಕುಂಕುಮ ಒಣಗಿ ಗೆರೆಗಳಾಗಿತ್ತು, ಅದರ ನಡುವೆ ತೆಂಗಿನ ಜುಟ್ಟಿನ ಒಂದು ನಾರು. ಅಮಾವಾಸ್ಯೆಯ ಮರುದಿನವೇ ಗಾಡಿ ಯಾಕೆ ಕೆಡುತ್ತಿತ್ತು, ಜೋಡು ಕಾಯಿ ಒಡೆದ ಮೇಲೆ ಯಾಕೆ ಜಾಸ್ತಿ ಕೆಟ್ಟಿತು, ಎಲ್ಲ ಒಮ್ಮೆಲೇ ತಿಳಿಯಿತು. ಮಿಸ್ತ್ರಿಗೆ ಹೇಳಿದೆ. ಅವರು ಹಣೆ ಬಡಿದುಕೊಂಡು ನಕ್ಕರು. “ಒರಸಿ ತಂದ್ರ ನನಗ ಹ್ಯಾಂಗ ಗೊತ್ತಾಗ್ಬೇಕ್ರಿ?” ಎಂದರು. ನಾನೂ ನಕ್ಕೆ. ಅವರು ಕನೆಕ್ಟರ್ ಬದಲಿಸಿ ಹೊಸ ರಬ್ಬರು ಕೂಡಿಸಿದರು. ಮತ್ತೆ ಒತ್ತಿ ನೋಡಿದೆ, ಅಂಕಿ ಎಲ್ಲೂ ಬೀಳದೆ ಏರಿತು.

ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು ನಂಬಲಿಲ್ಲ. “ಹೋದ ಸಲಾನೂ ಹಿಂಗ ಅಂದಿದ್ದಿ. ಅಮಾಸಿ ದಾಟ್ಲಿ, ಆಮ್ಯಾಲ ನೋಡೂನು” ಎಂದರು. ಅಮಾವಾಸ್ಯೆ ದಾಟಬೇಕಾದರೆ ಅತ್ತೆಗೆ ಹೇಳಬೇಕಿತ್ತು. ಅದು ಲಾರಿಯ ಎದುರು ಹೋಗುವುದಕ್ಕಿಂತ ಕಷ್ಟದ ಕೆಲಸ. ನನ್ನ ಕಾಲನ್ನು ಒಮ್ಮೆಯೂ ದೂರದೆ ಇದ್ದವರು ಅವರೊಬ್ಬರೇ. ಅಮಾವಾಸ್ಯೆಯ ಹಿಂದಿನ ಸಂಜೆ ಅವರು ಜೋಳ ಹಸನು ಮಾಡುತ್ತ ಕುಂತಿದ್ದಾಗ ಹೋಗಿ ಎದುರಿಗೆ ಕುಂತೆ.

“ಅತ್ತಿ, ನಾಳಿ ಇಂಜಿನ್ ಮ್ಯಾಲ ಕಾಯಿ ನೀರು ಹಾಕಬ್ಯಾಡ್ರಿ. ಅದು ವೈರಿನಾಗ ಇಳದು ಗಾಡಿ ಕೆಡಾಕತ್ತದ.”

ಮೊರದ ಸದ್ದು ನಿಂತಿತು. “ಅಂದ್ರ, ಅವತ್ತು ಲಾರಿ ಮುಂದ ನಮ್ಮನ್ನ ನಿಲ್ಲಿಸಿದಾಕಿ ನಾನೇನು?”

ಅಲ್ಲ ಎನ್ನಬಹುದಿತ್ತು. ಸುಳ್ಳು ಹೇಳಿದರೆ ನಾಳೆ ಮತ್ತೆ ಕಾಯಿ ಬೀಳುತ್ತದೆ. “ನಿಮಗ ಗೊತ್ತಿದ್ದಿಲ್ರಿ. ನನಗೂ ಗೊತ್ತಿದ್ದಿಲ್ಲ” ಎಂದೆ. ಅವರು ಎದ್ದು ಒಳಗೆ ಹೋದರು. ರಾತ್ರಿ ಊಟಕ್ಕೆ ಬರಲಿಲ್ಲ. ನನಗೂ ಸಂಕಟವಾಯಿತು, ಆದರೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಬೆಳಿಗ್ಗೆ ಅವರು ತಲೆಗೆ ನೀರು ಹಾಕಿಕೊಂಡು ಕಾಯಿ ಹಿಡಿದು ಅಂಗಳಕ್ಕೆ ಬಂದರು. “ಬಾಗಲಾ ತಗಿ” ಎಂದರು. ತೆಗೆದೆ.

“ಎಲ್ಲದ ಅದು?”

ಬೆರಳು ಮಾಡಿ ತೋರಿಸಿದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು. “ಇಷ್ಟ ಏನು?” ಎಂದು ಸೆರಗಿನ ತುದಿಯಿಂದ ಆ ಸೆನ್ಸರನ್ನು ಮಗುವಿನ ಬಾಯಿ ಒರೆಸುವ ಹಾಗೆ ಒರೆಸಿದರು. ಆಮೇಲೆ ತಾವೇ ಬಾನೆಟ್ ಮುಚ್ಚಿ, ಚಕ್ರದ ಮುಂದಿನ ಕಲ್ಲಿಗೆ ಕಾಯಿ ಒಡೆದರು.

ದಲ್ಲಾಳಿ ಬಂದಿದ್ದು ಮರುದಿನವೇ. ಅಮಾವಾಸ್ಯೆಯ ಮರುದಿನ. ಅವನ ಎದುರು ಗಂಡ ಕೀಲಿಗೆ ಕೈ ಚಾಚಿದರು. “ಮೊದಲು ನಾನು ಹೊಡದು ತೋರಿಸ್ತೀನಿ” ಎಂದು ಕೀಲಿಯನ್ನು ನಾನೇ ಇಟ್ಟುಕೊಂಡೆ. ಅವರಿಬ್ಬರೂ ಹಿಂದೆ ಕುಂತರು. ಹಿಂದೆ ಇನ್ನೂ ಜಾಗವಿತ್ತು, ಆದರೆ ಅತ್ತೆ ಮುಂದಿನ ಬಾಗಿಲು ತೆಗೆದು ನನ್ನ ಪಕ್ಕ ಕುಂತು ಸೆರಗು ಬಿಗಿದುಕೊಂಡರು.

ಶಹಾಪುರದ ರಸ್ತೆಗೆ ಬಿದ್ದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದೆ ಮತ್ತೆ ಹತ್ತಿಯ ಟ್ರ್ಯಾಕ್ಟರ್. ಎದುರಿನ ರಸ್ತೆ ಕಣ್ಣು ಹಾಯುವವರೆಗೆ ಖಾಲಿ. ಬಲಕ್ಕೆ ತೆಗೆದೆ. ಅಲ್ಲಿ ತಡೆದಿದ್ದು ಗಾಡಿಯಲ್ಲ, ನನ್ನ ಕಾಲು. ಇಷ್ಟು ತಿಂಗಳ ಅಂಜಿಕೆ ಅದರೊಳಗೆ ಸೇರಿಕೊಂಡಿತ್ತು.

“ಒತ್ತವ್ವಾ” ಎಂದರು ಅತ್ತೆ. ಅವರ ಕಣ್ಣುಗಳು ತೆರೆದೇ ಇದ್ದವು.

ಒತ್ತಿದೆ. ಗಾಡಿ ಒಂದೇ ಉಸಿರಿಗೆ ಎಳೆದುಕೊಂಡು ಹೋಯಿತು. ಟ್ರ್ಯಾಕ್ಟರ್ ಕನ್ನಡಿಯಲ್ಲಿ ಸಣ್ಣದಾಯಿತು.

“ಪಿಕಪ್ ಚೊಲೊ ಅದ್ರಿ” ಎಂದ ದಲ್ಲಾಳಿ ಹಿಂದಿನಿಂದ, ನನ್ನ ಗಂಡನಿಗೆ. “ಪಸಂದ ಬಂತು. ಕೊಡ್ತೀರೇನು?”

ನಾನು ಕನ್ನಡಿಯಲ್ಲಿ ಗಂಡನ ಮುಖ ನೋಡಿದೆ. ಅವರು ಹಿಂದೆ ಉಳಿದ ಟ್ರ್ಯಾಕ್ಟರನ್ನು ತಿರುಗಿ ನೋಡುತ್ತಿದ್ದರು.

“ನನ್ನ ಯಾಕ ಕೇಳ್ತೀರಿ?” ಎಂದರು. “ಗಾಡಿ ಹೊಡ್ಯಾಕಿ ಮುಂದ ಕುಂತಾಳ, ಅಕಿನ್ನ ಕೇಳ್ರಿ.”