ಬೆಟ್ಟ ಹತ್ತಿ ಇಳಿದ ಹೆಂಚುಗಳು

ಮುತ್ಯಾಲಮ್ಮನಿಗೆ ದೀಕ್ಷಾಸ್ನಾನದ ದಿನ ಪಾದ್ರಿಗಳು ಮರಿಯ ಎಂದು ಹೆಸರಿಟ್ಟರು. ಆ ಹೆಸರು ಪಾದ್ರಿಗಳ ಬಾಯಲ್ಲೇ ಉಳಿಯಿತು; ಜನ ಹಳೆಯದನ್ನು ಬಿಡಲಿಲ್ಲ. ಸೇಲಂನ ನೇಕಾರರ ಮನೆಯವಳು, ಗಂಡ ಹೋದ ಮೇಲೆ ಮಿಷನ್ನಿಗೆ ಸೇರಿದಳು. ಬೆಟ್ಟದ ಬುಡದ ಕೊಳತ್ತೂರಿನಲ್ಲಿದ್ದುಕೊಂಡು ವಾರವಾರ ಪಾಲಮಲೆ ಬೆಟ್ಟ ಹತ್ತುವುದು, ಗುಡಿಸಲುಗಳಲ್ಲಿ ಏಸುವಿನ ಕಥೆ ಹೇಳುವುದು, ಮಕ್ಕಳ ಹುಣ್ಣು ತೊಳೆಯುವುದು ಅವಳ ಕೆಲಸ. ಜೊತೆಗೆ ಉಪದೇಶಿ ಚಿನ್ನರಾಜ್. ಅವನು ಹಾರ್ಮೋನಿಯಂ ನುಡಿಸುತ್ತಿದ್ದ. ಅದನ್ನು ಹೊರುತ್ತಿದ್ದವಳು ಅವಳು.

ನಾನು ಮಿಷನ್ ಶಾಲೆಯ ಲೆಕ್ಕದ ಮೇಷ್ಟ್ರು, ಜುಟ್ಟಿನವನು. ಚರ್ಚಿಗೂ ನನಗೂ ಇದ್ದ ನಂಟು ತಿಂಗಳ ಮೊದಲ ತಾರೀಕಿನದು. ಆದರೂ ಕನ್ನಡ ಬಾರದ ಪಾದ್ರಿಗಳು ಕನ್ನಡ ಆಡುವ ಆ ಬೆಟ್ಟಕ್ಕೆ ಹೊರಟಾಗಲೆಲ್ಲ ಮಾತು ದಾಟಿಸಲೆಂದು ನನ್ನನ್ನೂ ಎಳೆದೊಯ್ಯುತ್ತಿದ್ದರು. ೧೯೫೩ರಲ್ಲಿ ಅವರು ಬೆಟ್ಟದವರಿಗೆ ಹೇಳಿದರು: “ನಾವೆಲ್ಲ ಜೊತೆಗೆಲಸದವರು. ನೀವು ದುಡಿಯಿರಿ, ಚರ್ಚು ಇಲ್ಲೇ ಏಳುತ್ತದೆ.” ನಾನು ಕನ್ನಡ ಮಾಡಿದೆ. ಹೆಂಗಸರು ಪಾದ್ರಿಗಳನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

“ದಿಟವಾ ಮುತ್ಯಾಲಕ್ಕಾ?” ಎಂದಳು ಅವರಲ್ಲೊಬ್ಬಳು, ಕಣ್ಣಮ್ಮ.

“ದಿಟ ಕಣವ್ವ. ನನ್ ಮಾತು.”

ಕಲ್ಲು ಬೆಟ್ಟದಲ್ಲೇ ಇತ್ತು. ಹೆಂಚು ಕೆಳಗಿನಿಂದ ಬರಬೇಕು, ಗಾಡಿ ಹತ್ತದು. ಸಂತೆಗಿಳಿದ ಹೆಂಗಸರು ಹತ್ತುವಾಗ ತಲೆಯ ಮೇಲೆ ಎರಡೆರಡು ಹೊತ್ತು ತಂದರು. ತಂದವಳು ಹೆಂಚಿನ ಒಳಮೈಗೆ ಎಲೆಯಡಿಕೆಯ ಸುಣ್ಣದಿಂದ ತನ್ನ ಗುರುತು ಹಾಕುವುದು ರೂಢಿಯಾಯಿತು. ಕಣ್ಣಮ್ಮನದು ಬಾಚಣಿಗೆ, ಪೂಂಗೊಡಿಯದು ಹೂವು. ಬಸುರಿ ರಾಜಾತಿಯದು ಎರಡು ಬೊಟ್ಟು. ಒಂದು ತನಗೆ, ಒಂದು ಹೊಟ್ಟೆಯಲ್ಲಿದ್ದುದಕ್ಕೆ. ಮರ್ಯಾದೆಗೆಂದು ನಾನೂ ಒಂದು ಹೊತ್ತೆ. ಮೊದಲ ತಿರುವಿನಲ್ಲೇ ಎಡವಿ ಚೂರು ಮಾಡಿದೆ.

“ಓಗ್ಲಿ ಬಿಡಿ ವಾದ್ಯಾರೇ,” ಕಣ್ಣಮ್ಮ ನಕ್ಕಳು, “ಜುಟ್ಟು ಒತ್ಕೊಂಡು ಬಂದ್ರಲ್ಲ, ಅದೇ ಸಾಕು.”

ಗೋಡೆಗಳೆದ್ದವು. ಹೆಂಚು ರಾಶಿಯಾಯಿತು. ತಮಿಳರ ಆಡಿ ತಿಂಗಳ, ಅಂದರೆ ಆಷಾಢದ, ಒಂದು ಬೆಳಿಗ್ಗೆ ಚಿನ್ನರಾಜ್ ಕೂಲಿಗಳನ್ನು ಕಟ್ಟಿಕೊಂಡು ಬಂದ.

“ಕಮಿಟಿ ಮುಡಿವು ಪಣ್ಣಿಡ್ಚು ಅಕ್ಕಾ, ತೀರ್ಮಾನ ಆಗೋಯ್ತು. ಚರ್ಚು ಕೆಳಗೆ, ಬಸ್ ರೋಡ್ ಪಕ್ಕ. ದೊಡ್ಡೋರ ಕಾರು ಇಲ್ಲಿಗೆ ಅತ್ತಾಕಿಲ್ಲ. ಹೆಂಚು ಇಳಿಸ್ಬೇಕು.”

“ಕಮಿಟೀಲಿ ನೀನೂ ಇದ್ದೀಯಲ್ಲೋ?” ಎಂದಳು ಮುತ್ಯಾಲಮ್ಮ.

“ಇದೀನಿ.”

“ಕೈ ಎತ್ತಿದ್ಯಾ?”

“ಎಲ್ಲಾರೂ ಎತ್ತಿದ್ರು ಅಕ್ಕಾ.”

“ಯಾವತ್ತು?”

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಪಂಗುನಿಲಿ.”

ಅಂದರೆ ನಾಲ್ಕು ತಿಂಗಳ ಹಿಂದೆ. ಆ ನಾಲ್ಕು ತಿಂಗಳೂ ಅವನು ಅವಳ ಹಿಂದೆ ಬೆಟ್ಟ ಹತ್ತಿದ್ದ. ಹೆಂಚು ಹೊತ್ತವರಿಗೆ ಆಯಾಸ ಗೊತ್ತಾಗದಿರಲೆಂದು ದಾರಿಯುದ್ದಕ್ಕೂ ಹಾಡು ಹೇಳಿಕೊಟ್ಟಿದ್ದ.

ಕೂಲಿಗಳು ರಾಶಿಗೆ ಕೈ ಹಾಕಿದರು. ಹೆಂಗಸರು ಚಿನ್ನರಾಜನ ಕಡೆ ತಿರುಗಲಿಲ್ಲ. ಮುತ್ಯಾಲಮ್ಮನನ್ನೇ ನೋಡುತ್ತ ನಿಂತರು.

ಕೆಳಗೆ ಎದ್ದ ಚರ್ಚಿನ ಪ್ರತಿಷ್ಠೆಯ ದಿನ ಬೆಟ್ಟದಿಂದ ಯಾರೂ ಇಳಿಯಲಿಲ್ಲ. ಹಾಗಾಗಿ ಕನ್ನಡಕ್ಕೂ ಕೆಲಸವಿರಲಿಲ್ಲ. ನಾನು ಊಟಕ್ಕೆ ಕಾಯುತ್ತ ಕೂತಿದ್ದೆ. ಪಾದ್ರಿಗಳು ಮತ್ತೆ ಜೊತೆಗೆಲಸದವರನ್ನು ಹೊಗಳಿದರು. ಹೆಸರು ಹೇಳಿದ್ದು ಚಿನ್ನರಾಜನದು, ಹಾರವೂ ಅವನಿಗೇ. ಆಮೇಲೆ ಪ್ರಾರ್ಥನೆ. ಎಲ್ಲರೂ ಕಣ್ಣು ಮುಚ್ಚಿದರು. ಪರಧರ್ಮದಲ್ಲಿ ಎಷ್ಟು ಮುಚ್ಚಬೇಕೆಂದು ತಿಳಿಯದೆ ನಾನು ಒಂದನ್ನು ತೆರೆದಿಟ್ಟುಕೊಂಡೆ. ಮುತ್ಯಾಲಮ್ಮ ತಲೆ ಎತ್ತಿ ಮಾಡಿನ ಹೆಂಚು ನೋಡುತ್ತಿದ್ದಳು. ನಾನೂ ನೋಡಿದೆ. ಸುಣ್ಣದ ಗುರುತು ಒರೆಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬಾಚಣಿಗೆ, ಹೂವು, ಬಾಚಣಿಗೆ, ಎರಡು ಬೊಟ್ಟು.

ಹೊರಗೆ ಚಿನ್ನರಾಜ್ ಹಾರ ಸರಿಮಾಡಿಕೊಳ್ಳುತ್ತ ಹಲ್ಲು ಬಿಟ್ಟ. “ಏನಕ್ಕಾ, ಜೆಪದಲ್ಲಿ ಕಣ್ಣು ಮುಚ್ಕೋಬೇಕು ಅನ್ನೋದೂ ಮರ್ತೋಯ್ತಾ?”

“ಮುಚ್ಕೊಂಡೇ ಇದ್ನಲ್ಲೋ ತಮ್ಮಾ, ಇಷ್ಟು ವರ್ಸ.”

ಮರುದಿನ ಅವಳು ಒಬ್ಬಳೇ ಬೆಟ್ಟಕ್ಕೆ ಹೊರಟಳು. ಹಾರ್ಮೋನಿಯಂ ಕೆಳಗೇ ಉಳಿಯಿತು. ನಾನು ಮೊದಲ ತಿರುವಿನವರೆಗೆ ಜೊತೆಗೆ ಹೋದೆ. ಯಾರೂ ಎಳೆದೊಯ್ಯದಿದ್ದರೆ ನನ್ನ ಉಸಿರಿಗೆ ಅಷ್ಟೇ ಬೆಟ್ಟ. ಅಲ್ಲಿ ಹುಲ್ಲಿನ ನಡುವೆ ಕೆಂಪು ಚೂರುಗಳಿದ್ದವು. ಕಮಿಟಿಗೆ ಇಳಿಸಲಾಗದೆ ಬೆಟ್ಟದಲ್ಲೇ ಉಳಿದ ಹೆಂಚೆಂದರೆ ನನ್ನದೊಂದೇ. ಅವಳು ಬಗ್ಗಿ ಒಂದು ಚೂರನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

“ಅದ್ಯಾಕಮ್ಮ?”

“ಎಂಚು ಎಲ್ಲಿ ಅಂತ ಕಣ್ಣಮ್ಮ ಕೇಳ್ತಾಳೆ ವಾದ್ಯಾರೇ,” ಎಂದಳು. “ಬರಿಗೈಲಿ ಎಂಗೆ ಓಗ್ಲಿ?”