ಎಡಚಿ ಗೆಲ್ಲುವ ತನಕ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಕೂತು, ಸಿಗದಿದ್ದರೆ ನಿಂತು, ನಾನು ಮೊಬೈಲಿನಲ್ಲಿ ಟೆನಿಸ್ ಸುದ್ದಿ ಓದುತ್ತೇನೆ. ಪಕ್ಕದವರು ಏನೋ ಷೇರು ವ್ಯವಹಾರವಿರಬೇಕು ಎಂದುಕೊಂಡು ಇಣುಕುತ್ತಾರೆ. ಸ್ಕರ್ಟು ಹಾಕಿ ಓಡುತ್ತಿರುವ ಹುಡುಗಿಯರನ್ನು ಕಂಡು ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನಾಗುತ್ತಾರೆ. ನಲವತ್ತು ದಾಟಿದವನಿಗೆ ಇದೆಂಥ ಚಟ ಎಂದು ಅವರಿಗೆ ಅನ್ನಿಸಿದರೆ ತಪ್ಪೇನಿಲ್ಲ. ಟೆನಿಸ್ ಬ್ಯಾಟನ್ನು ನಾನು ಈವರೆಗೆ ಮುಟ್ಟಿಯೂ ನೋಡಿಲ್ಲ.

ನಾನು ಓದುವುದು ಒಂದೇ ವಿಷಯ. ಇದುವರೆಗೆ ಒಂದೂ ಗ್ರ್ಯಾಂಡ್ ಸ್ಲಾಮ್ ಗೆಲ್ಲದವರಲ್ಲಿ ಮುಂದೆ ಗೆಲ್ಲುವವರು ಯಾರು ಎಂಬುದು. ವರ್ಷಕ್ಕೆ ನಾಲ್ಕು ದೊಡ್ಡ ಟೂರ್ನಿ ನಡೆಯುತ್ತವೆ, ಪ್ರತಿಯೊಂದಕ್ಕೂ ಮುಂಚೆ ಪಂಡಿತರು ಭವಿಷ್ಯ ಬರೆಯುತ್ತಾರೆ, ಅದು ಸುಳ್ಳಾದರೆ ಮುಂದಿನದಕ್ಕೆ ನಾಚಿಕೆಯಿಲ್ಲದೆ ಇನ್ನೊಂದು ಬರೆಯುತ್ತಾರೆ. ಓದಿ ಓದಿ ನನಗೂ ಆ ವಿದ್ಯೆ ಅಲ್ಪಸ್ವಲ್ಪ ಬಂದಿದೆ. ಕಾಲು ನೋಡುತ್ತೇನೆ, ಎರಡನೇ ಸರ್ವ್ ನೋಡುತ್ತೇನೆ, ಆಟ ಕೈತಪ್ಪುವ ಹೊತ್ತಿನಲ್ಲಿ ಮುಖ ಯಾವ ಕಡೆ ತಿರುಗುತ್ತದೆ ಎಂದು ನೋಡುತ್ತೇನೆ. ಫೈನಲ್ ಸೋತು ಬಂದವಳಿಗಿಂತ ಫೈನಲ್ಲನ್ನೇ ಕಾಣದ ಎಳೆಯ ಹುಡುಗಿಯ ಮೇಲೆ ನನ್ನ ಭರವಸೆ. ಅವಳಿಗೆ ಸೋಲು ಎಂದರೆ ಏನೆಂದು ಇನ್ನೂ ಮೈಗೆ ಹತ್ತಿರುವುದಿಲ್ಲ, ಹಾಗಾಗಿ ಹಿಂದುಮುಂದು ನೋಡದೆ ಹೊಡೆಯುತ್ತಾಳೆ. ಹೀಗೆ ಹೇಳಿ ನಾನು ಗೆದ್ದದ್ದೂ ಉಂಟು. ನನ್ನ ಹೆಂಡತಿಗೆ ಈ ಲೆಕ್ಕಾಚಾರವೇ ಬೇಡ. ಪ್ರತಿ ಸಲವೂ ಅವಳು ಒಬ್ಬಳನ್ನೇ ಹೇಳುತ್ತಿದ್ದಳು.

ಅವಳು ಹೇಳುತ್ತಿದ್ದ ಆಟಗಾರ್ತಿ ಎಡಗೈಯವಳು. ಎಷ್ಟೋ ಸಲ ಸೆಮಿಫೈನಲ್, ಎರಡು ಸಲ ಫೈನಲ್ ಮುಟ್ಟಿ ಸೋತವಳು. ಆಕೆಯ ದೇಶದ ಹೆಸರು ನಮ್ಮ ನಾಲಗೆಗೆ ಹೊರಳುತ್ತಿರಲಿಲ್ಲ, ಆಕೆಯ ಹೆಸರಂತೂ ಇನ್ನೂ ಕಷ್ಟ. ನನ್ನ ತಾಯಿ ಒಮ್ಮೆ ಟಿವಿ ಮುಂದೆ ಕೂತಿದ್ದಾಗ "ಈ ಎಡಚಿ ಚಂದಾಗ್ ಆಡ್ತಾಳೆ ಕಣವ್ವ" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅವಳು ಎಡಚಿಯೇ ಆದಳು.

ಟೆನಿಸ್ ನಮ್ಮ ಮನೆಗೆ ಬಂದದ್ದು ಆಟದ ಪ್ರೀತಿಯಿಂದಲ್ಲ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ ಮೈಸೂರಿನ ಆಸ್ಪತ್ರೆಗೆ ಹೋಗತೊಡಗಿದ್ದೆವು. ಮೊದಲ ಸಲ ಭ್ರೂಣ ಇಟ್ಟು ಕಳಿಸಿದಾಗ, ಹೆಚ್ಚು ಓಡಾಡಬೇಡ, ಮನಸ್ಸನ್ನು ಹಗುರವಾಗಿಟ್ಟುಕೋ ಎಂದಿದ್ದರು. ಖಾಸಗಿ ಶಾಲೆಯಲ್ಲಿ ಹಿಂದಿ ಹೇಳಿಕೊಡುತ್ತಿದ್ದವಳು ಅದಕ್ಕಾಗಿ ಕೆಲಸ ಬಿಟ್ಟಳು. ಧಾರಾವಾಹಿ ಹಾಕಿದರೆ ಪ್ರತಿಯೊಂದರಲ್ಲೂ ಯಾರಾದರೊಬ್ಬಳು ಬಸುರಿ. ಚಾನೆಲ್ ತಿರುಗಿಸುತ್ತಾ ಹೋಗಿ ಒಂದು ಮಧ್ಯಾಹ್ನ ಟೆನಿಸ್ಸಿಗೆ ಬಂದು ನಿಂತಳು. ಅದರಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ, ಚೆಂಡು ಅತ್ತ ಇತ್ತ ಹೋಗುತ್ತದೆ. ಹದಿನೈದು, ಮೂವತ್ತು, ಆಮೇಲೆ ನಲವತ್ತೇ ಯಾಕೆ ಎಂದು ನನ್ನನ್ನು ಕೇಳಿದಳು. ನನಗೂ ಗೊತ್ತಿರಲಿಲ್ಲ. ಆ ಸಲ ಎಡಚಿ ಸೆಮಿಫೈನಲ್‌ವರೆಗೆ ಬಂದು ಸೋತಳು. ಮುಂದಿನ ವಾರ ನಮಗೂ ಆಗಲಿಲ್ಲ ಎಂದು ಗೊತ್ತಾಯಿತು.

ಎರಡನೇ ಸಲವೂ ನಿಲ್ಲಲಿಲ್ಲ, ಮೂರನೇ ಸಲವೂ ನಿಲ್ಲಲಿಲ್ಲ. ಹೊಟ್ಟೆಗೆ ಚುಚ್ಚಿಕೊಳ್ಳುವ ಸೂಜಿ, ಬಸ್ಸಿನಲ್ಲಿ ಔಷಧಿಯ ಐಸ್ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಬರುವುದು, ಆಸ್ಪತ್ರೆಯಿಂದ ಫಲಿತಾಂಶದ ಫೋನ್ ಬರುವ ದಿನ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂರುವುದು. ಹೆಚ್ಚು ಹೇಳಲು ನನಗೆ ಇಷ್ಟವಿಲ್ಲ. ನಡುವೆ ಗೋಪಾಲಸ್ವಾಮಿ ಬೆಟ್ಟಕ್ಕೂ ಹೋಗಿ ಬಂದೆವು. ಮಂಜಿನಲ್ಲಿ ಎದುರಿಗಿದ್ದವರ ಮುಖ ಕಾಣಲಿಲ್ಲವಾದ್ದರಿಂದ ಅವತ್ತು ಯಾರೂ ಏನೂ ಕೇಳಲಿಲ್ಲ. ಅದೊಂದು ಸುಖ.

ಕೆಲಸದ ಜಾಗದಲ್ಲಿ ಅಂಥ ಮಂಜು ಇಲ್ಲ. ನಾನು ಗುಂಡ್ಲುಪೇಟೆ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಪರೀಕ್ಷಕ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ದಿನದ ಕಾಯಕ. ಸರ್ಕಾರ ಏನೇ ಕರೆಯಲಿ, ರೈತರಿಗೆ ನಾನು ಡಾಕ್ಟ್ರು. "ಡಾಕ್ಟ್ರೇ, ನಮ್ ಅಸ ಗಬ್ಬ ನಿಂತದಾ?" ಎಂದು ಕೇಳುತ್ತಾರೆ, ನಾನು ಕೈಯಿಟ್ಟು ನೋಡಿ ಹೇಳುತ್ತೇನೆ. ಹೆಂಡತಿಯ ತವರೂ ಗುಂಡ್ಲುಪೇಟೆಯೇ ಆದ್ದರಿಂದ ಅದೇ ಉಸಿರಿನಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ: "ಮನೇಲಿ ಏನಾರ ವಿಶೇಷವಾ?" ಒಬ್ಬ ಮುದುಕರಂತೂ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಊರ್ ಅಸಕ್ಕೆಲ್ಲಾ ಕರು ಕೊಡ್ತೀರಿ, ನಿಮ್ಗೊಂದ್ ಆಗ್ನಿಲ್ವಲ್ಲ ಸಾಮಿ" ಎಂದು ನಿಜವಾಗಿಯೇ ಮರುಗಿದರು. ಮೊದಮೊದಲು ಇಂಥದ್ದಕ್ಕೆ ನಕ್ಕುಬಿಡುತ್ತಿದ್ದೆ, ಆಮೇಲೆ ಸಿಟ್ಟು ಬರುತ್ತಿತ್ತು. ಈಗ ಎರಡೂ ಬರುವುದಿಲ್ಲ, ಕೈ ತೊಳೆದು ಆಸ್ಪತ್ರೆಯ ಬೈಕ್ ಹತ್ತುತ್ತೇನೆ.

ನನಗೆ ಸಾಕಾಗಿಹೋಗಿತ್ತು. ಮಗು ಬೇಡ ಎಂದಲ್ಲ, ಆ ದಾರಿ ಸಾಕಾಗಿತ್ತು. ಆದರೆ ಚುಚ್ಚಿಸಿಕೊಳ್ಳುವುದು ಅವಳ ಮೈ. ಅವಳು ಇನ್ನೂ ಆಸೆ ಇಟ್ಟುಕೊಂಡಿರುವಾಗ ನಾನು ಸಾಕು ಎನ್ನುವುದು ಹೇಗೆ? ನಾಲ್ಕನೇ ಸಲ ಹೋಗುವುದೋ ಬಿಡುವುದೋ ಎಂಬ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತದೆ ಹಾಗೇ ಕೂತಿತ್ತು.

ಎತ್ತಿದವರು ನನ್ನ ತಾಯಿ. ಅವರು ಉಮ್ಮತ್ತೂರಿನಲ್ಲಿ ನಮ್ಮಣ್ಣನ ಸಂಸಾರದ ಜೊತೆಗಿದ್ದಾರೆ, ತಿಂಗಳಿಗೊಮ್ಮೆಯಾದರೂ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಕಳೆದ ವರ್ಷ ದಸರೆ ಮುಗಿದ ಮೇಲೆ ಬಂದವರು, "ಮನೆದೇವ್ರತ್ರ ಹೂ ಕೇಳನ. ಅವ್ವ ಬಲಗಡೆ ಕೊಟ್ರೆ ಇನ್ನೊಂದ್ ಸಲ ಓಗ್ಬನ್ನಿ, ಎಡಗಡೆ ಕೊಟ್ರೆ ನಾನೂ ಬಾಯ್ ಬುಡಾಕಿಲ್ಲ" ಎಂದರು. ನಮ್ಮ ಮನೆದೇವರಿರುವುದು ಚಂದಕವಾಡಿ ಕಡೆ. ಅಲ್ಲಿ ಪೂಜಾರಿ ಒದ್ದೆ ಹೂವಿನ ಎಸಳುಗಳನ್ನು ದೇವಿಯ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಕೇಳುವವರು ಮನಸ್ಸಿನಲ್ಲಿ ಕೇಳಿಕೊಂಡು ಕಾಯಬೇಕು. ಬಲಗಡೆಯದು ಮೊದಲು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ. ನಮ್ಮ ಕಡೆ ಹೊಲ ಮಾರುವುದರಿಂದ ಹಿಡಿದು ಹೆಣ್ಣು ನೋಡುವವರೆಗೆ ಎಲ್ಲವೂ ಹೀಗೇ ತೀರ್ಮಾನವಾಗುತ್ತದೆ. ಹೆಂಡತಿ ಎದುರಾಡದೆ ಹೊರಟಳು. ನನಗೇ ಆಶ್ಚರ್ಯವಾಯಿತು.

ಪೂಜಾರಿ ಎಸಳು ಅಂಟಿಸಿ, "ಯಾರ್ ಮೇಲೆ? ನಕ್ಷತ್ರ ಏಳಿ" ಎಂದರು. ತಾಯಿ ಸೊಸೆಯ ಹೆಸರು, ನಕ್ಷತ್ರ ಹೇಳಿದರು. ಹೆಂಡತಿ ಕಣ್ಣು ಮುಚ್ಚಿದಳು. ಹೊತ್ತಾಯಿತು. ಮಂಗಳಾರತಿಯ ಹೊಗೆಯಲ್ಲಿ ಪೂಜಾರಿಯೂ ಬೇಸತ್ತು ಗಂಟೆ ಬಡಿಯುವುದನ್ನು ನಿಲ್ಲಿಸಿದ್ದರು. ಆಗ ಬಲಭುಜದ ಎಸಳು ಜಾರಿ ಪಾದದ ಹತ್ತಿರ ಬಿತ್ತು. ತಾಯಿ ಕೆನ್ನೆ ಬಡಿದುಕೊಂಡು, "ಕೊಟ್ಬುಟ್ಲು ಕಣವ್ವ, ನಮ್ಮವ್ವ ಬಲಗಡೆನೇ ಕೊಟ್ಬುಟ್ಲು" ಎಂದು ಅತ್ತರು. ದೇವಿಯೇ ಅಪ್ಪಣೆ ಕೊಟ್ಟ ಮೇಲೆ ನಾನು ಯಾವ ಬಾಯಲ್ಲಿ ಬೇಡ ಎನ್ನಲಿ?

ವಾಪಸು ಬರುವಾಗ ತಾಯಿ ಬಸ್ಸಿನ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಹೆಂಡತಿ ಮೆಲ್ಲಗೆ, "ನಾನು ಮಗು ಬಗ್ಗೆ ಕೇಳ್ಲಿಲ್ಲ" ಎಂದಳು.

"ಮತ್ತೇನು ಕೇಳ್ದೆ?"

"ಎಡಚಿ ಗೆಲ್ತಾಳಾ ಅಂತ."

ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ನಿನ್ನ ನಕ್ಷತ್ರ ಹೇಳಿ ಅವಳ ವಿಷಯ ಕೇಳಿದ್ಯಾ?"

"ಅವಳ ನಕ್ಷತ್ರ ಯಾರಿಗೆ ಗೊತ್ತು? ಅತ್ತೆ ನನ್ದು ಹೇಳ್ಬುಟ್ರು, ನಾನೇನ್ ಮಾಡ್ಲಿ?"

"ಈಗ ಹೂ ಕೊಟ್ಟಿದ್ದು ಯಾರಿಗೆ?"

ಅವಳು ಮುಂದೆ ಬಾಗಿ ತಾಯಿಯ ಜಾರಿದ ಸೆರಗನ್ನು ಸರಿಮಾಡಿದಳು. ಆಮೇಲೆ, "ಅವಳು ಗೆದ್ದ ದಿವಸ ಮೈಸೂರಿನ ವಿಚಾರ ನಾನೇ ತೀರ್ಮಾನ ಮಾಡ್ತೀನಿ. ಅಲ್ಲಿವರ್ಗೂ ಅತ್ತೆನೂ ಕೇಳ್ಬಾರ್ದು, ನೀವೂ ಕೇಳ್ಬಾರ್ದು" ಎಂದಳು. ಎಡಚಿ ಗೆದ್ದರೆ ಮತ್ತೆ ಹೊರಡುವುದು ಎಂದೇ ನಾನು ಅರ್ಥ ಮಾಡಿಕೊಂಡೆ. ಗೆದ್ದವಳನ್ನು ಕಂಡು ಧೈರ್ಯ ಬರುತ್ತದೆ, ಇನ್ನೊಂದು ಸಲ ನೋಡೋಣ ಎನ್ನುತ್ತಾಳೆ. ಬೇರೆ ಅರ್ಥ ಇರಬಹುದೆಂದು ಹೊಳೆಯಲೂ ಇಲ್ಲ. ತಾಯಿಗೆ ಮಾತ್ರ ಇಷ್ಟು ಹೇಳಿದೆ: ಎಡಚಿ ಗೆದ್ದ ಮೇಲೆ ನೋಡೋಣ. ಅವರು ಅಂದೇ ಎಡಚಿ ಗೆಲ್ಲಲೆಂದೂ ಒಂದು ಹರಕೆ ಕಟ್ಟಿಕೊಂಡರು.

ಆಮೇಲೆ ನಾನು ಬಸ್ಸಿನಲ್ಲಿ ಓದುತ್ತಿದ್ದದ್ದು ಒಂದು ಸಮಾಧಾನಕ್ಕಾಗಿ. ಎಡಚಿಗೆ ವಯಸ್ಸಾಯಿತು, ಭುಜದ ನೋವು, ಎರಡನೇ ಸರ್ವ್ ಬಿದ್ದುಹೋಗಿದೆ ಎಂದು ಪಂಡಿತರು ಬರೆದರೆ ನನಗೆ ಹಾಯೆನಿಸುತ್ತಿತ್ತು. ಹೊಸ ಚಾಂಪಿಯನ್ ಆಗಬಹುದಾದವರ ಸಾಲಿನಲ್ಲಿ ಅವಳ ಹೆಸರೇ ಇಲ್ಲದ ದಿನ ಗುಂಡ್ಲುಪೇಟೆ ಬಂದದ್ದೇ ತಿಳಿಯುತ್ತಿರಲಿಲ್ಲ. ಮನೆಗೆ ಬಂದು, ಈ ಸಲ ಬಹುಶಃ ಎಡಚಿಯೇ ಎಂದು ಸುಳ್ಳು ಹೇಳುತ್ತಿದ್ದೆ. "ನೀವು ಹೇಳ್ಬೇಡಿ" ಎನ್ನುತ್ತಿದ್ದಳು ಅವಳು. "ಬಂದ ಮುಖ್ಯಮಂತ್ರಿಗಳ ಕುರ್ಚಿ ಕಿತ್ತ ಊರು ನಮ್ದು. ಇಲ್ಲಿಂದ ಹರಸಿದ್ರೆ ಅವಳ ಗತಿ ಏನು?" ಹೀಗೆ ತಮಾಷೆ ಮಾಡುವಷ್ಟು ಅವಳು ಚೆನ್ನಾಗಿದ್ದಳು. ಮತ್ತೆ ಆಸೆ ಚಿಗುರಿದೆ ಎಂದು ನನಗೆ ಅದೂ ಭಯವೇ ಆಯಿತು.

ಸಂಕ್ರಾಂತಿ ಕಳೆದು ಆಸ್ಟ್ರೇಲಿಯಾದ ಟೂರ್ನಿ ಶುರುವಾಯಿತು. ನಾನು ಮನಸ್ಸಿನಲ್ಲೇ ಆರಿಸಿಕೊಂಡಿದ್ದ ಎಳೆಯ ಹುಡುಗಿ ಒಂದು ಕಡೆಯಿಂದ ಎಲ್ಲರನ್ನೂ ಹೊಡೆದುಕೊಂಡು ಫೈನಲ್‌ಗೆ ಬಂದಳು. ಇನ್ನೊಂದು ಕಡೆಯಿಂದ, ಯಾವ ಪಂಡಿತನೂ ಹೇಳದಿದ್ದ ಎಡಚಿ ಬಂದಳು.

ಫೈನಲ್ ಶನಿವಾರ ಮಧ್ಯಾಹ್ನ. ತಾಯಿ ಉಮ್ಮತ್ತೂರಿನಿಂದ ಅವರೆಕಾಯಿ ಹೊತ್ತು ಬೆಳಿಗ್ಗೆಯೇ ಬಂದಿದ್ದರು. ನೆಲದ ಮೇಲೆ ಪೇಪರ್ ಹಾಸಿ ಮೂವರೂ ಕಾಯಿ ಸುಲಿಯುತ್ತಾ ಕೂತೆವು. ಮೊದಲ ಸೆಟ್ ಎಳೆಯವಳದಾಯಿತು. ನಾನು ಅಂದುಕೊಂಡಂತೆಯೇ ಅವಳು ಹಿಂದುಮುಂದು ನೋಡದೆ ಹೊಡೆಯುತ್ತಿದ್ದಳು. ಎರಡನೆಯದನ್ನು ಎಡಚಿ ಹೇಗೋ ಹಲ್ಲು ಕಚ್ಚಿ ತೆಗೆದುಕೊಂಡಳು. ನನ್ನ ಫೋನು ಬಡಿದುಕೊಂಡಿತು. "ಸಾ, ಅಸ ಬೆದೆಗ್ ಬಂದದೆ, ಬತ್ತೀರಾ?" ಎಂದು ಒಬ್ಬರು. ನಾಳೆ ಬೆಳಿಗ್ಗೆ ಬರುತ್ತೇನೆ ಎಂದೆ. ಪ್ರಪಂಚದಲ್ಲಿ ಎಲ್ಲಕ್ಕೂ ಒಂದು ಹೊತ್ತು ಇರುತ್ತದೆ, ಅದು ಬರುವುದೂ ಇಂಥ ಹೊತ್ತಿನಲ್ಲೇ.

ಮೂರನೇ ಸೆಟ್ಟಿನಲ್ಲಿ ಎಡಚಿ ಗೆಲ್ಲಲು ಒಂದು ಪಾಯಿಂಟ್ ಸಾಕು ಎಂಬಲ್ಲಿಗೆ ಬಂದಳು. ಮೊದಲ ಸರ್ವ್ ಬಲೆಗೆ ಹೊಡೆದಳು, ಎರಡನೆಯದೂ ಬಲೆಗೆ. ಇನ್ನೊಂದು ಅವಕಾಶ ಬಂತು, ಅದೂ ಹೋಯಿತು. ಹೆಂಡತಿಯ ಕೈಯಲ್ಲಿದ್ದ ಅವರೆಕಾಯಿ ಸುಲಿಯದೆ ಹಾಗೇ ಇತ್ತು. ಬೀಳಲಿ, ಈ ಎಡಚಿ ಸೋಲಲಿ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ಮರುಕ್ಷಣವೇ ಹೆಂಡತಿಯ ಮುಖ ನೋಡಿ, ಗೆಲ್ಲಲಿ ಎಂದುಕೊಂಡೆ. ಎರಡೂ ಸುಳ್ಳಲ್ಲ. ಮೂರನೇ ಅವಕಾಶ ಬಂದಾಗ ಎಡಚಿ ಚೆಂಡನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಕೊನೆಗೆ ಎಸೆದು ಹೊಡೆದಳು. ಎಳೆಯವಳ ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಎಲ್ಲಿಗೋ ಹಾರಿತು. ಎಡಚಿ ಕುಣಿಯಲಿಲ್ಲ. ಯಾರೋ ಕಾಲು ಕತ್ತರಿಸಿದಂತೆ ಅಲ್ಲೇ ಕೂತುಬಿಟ್ಟಳು.

"ಹೂ ಸುಳ್ಳಾಗ್ನಿಲ್ಲ ನೋಡು" ಎಂದರು ತಾಯಿ.

ನಾನು ಎದ್ದೆ. ಕುರ್ಚಿ ಹತ್ತಿ ಅಟ್ಟದಿಂದ ಮೈಸೂರಿಗೆ ಒಯ್ಯುವ ನೀಲಿ ಬ್ಯಾಗನ್ನು ಇಳಿಸಿದೆ. ಧೂಳು ಹೊಡೆದು ಅವಳ ಮುಂದೆ ಇಟ್ಟೆ. ಮಾಡಬೇಕಾದ್ದನ್ನು ತಡಮಾಡದೆ ಮಾಡಿಬಿಡುವುದು ಎಂದಷ್ಟೇ ನನ್ನ ತಲೆಯಲ್ಲಿತ್ತು.

"ಇದ್ಯಾಕೆ ಇಳ್ಸಿದ್ರಿ?" ಎಂದಳು.

"ಹೋಗಬೇಕಲ್ಲ."

"ನಾನು ಬರಲ್ಲ." ಅವಳ ದನಿ ಸಣ್ಣಗಿತ್ತು, ಗಟ್ಟಿಯಾಗಿತ್ತು. "ನಾನು ಕಾಯ್ತಿದ್ದಿದ್ದು ನಿಲ್ಸೋಕೆ. ಅವಳೂ ಸೋತು, ನಾನೂ ನಿಲ್ಸಿದ್ರೆ ಇಬ್ರೂ ಸೋತಂಗೆ ಆಯ್ತಿತ್ತು. ಒಬ್ಳಾದ್ರೂ ಗೆಲ್ಲಲಿ, ಆಮೇಲೆ ನಾನು ಸುಮ್ನಾಗ್ತೀನಿ ಅಂದ್ಕೊಂಡಿದ್ದೆ."

ತಾಯಿಯ ಕೈ ನಿಂತಿತು. ಕೈಯಲ್ಲಿದ್ದ ಅವರೆಕಾಯಿಯನ್ನು ಪೇಪರಿನ ಮೇಲೆ ಇಟ್ಟು ಸೊಸೆಯ ಮುಖ ನೋಡಿದರು. "ನಿನ್ ಮೈ ಕಣವ್ವ, ನಿನ್ ಮನ್ಸು. ನಾ ಇನ್ನೇನೂ ಅನ್ನಾಕಿಲ್ಲ" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಹೆಂಡತಿ ನನ್ನ ಕಡೆ ತಿರುಗಿದಳು. "ನಿಮ್ಗೆ ಬೇಜಾರಾಯ್ತಾ?"

"ಇಲ್ಲ" ಎಂದೆ. ಆಮೇಲೆ, ಇಷ್ಟು ವರ್ಷ ಬಾರದ ಮಾತು ತಾನಾಗಿ ಬಂತು. "ನಂಗೂ ಸಾಕಾಗಿತ್ತು."

"ಯಾವಾಗಿಂದ?"

"ಎರಡನೇ ಸಲ ಆದ್ಮೇಲಿಂದ."

ಅವಳು ಸಿಟ್ಟಾಗಲಿಲ್ಲ, ಅಳಲಿಲ್ಲ. ಬ್ಯಾಗಿನ ಜಿಪ್ಪನ್ನು ತೆಗೆದು, ಒಳಗೆ ನೋಡಿ, ಮತ್ತೆ ಹಾಕಿದಳು.

"ನಂಗೂ ಆವಾಗಿಂದ್ಲೇ" ಎಂದಳು. "ಮತ್ತೆ ಮೂರನೇ ಸಲ ಯಾರಿಗೋಸ್ಕರ ಹೋದ್ವಿ?"