ಬಿಟ್ಟುಹೋದ ಮೊದಲ ವಾಕ್ಯ

1953ರ ಜನವರಿಯಲ್ಲಿ ನಾನು ಮುಂಬಯಿಯ ಫೋರ್ಟ್‌ನಲ್ಲಿದ್ದ ಒಂದು ಶಿಕ್ಷಣ ಟ್ರಸ್ಟಿನ ಕಚೇರಿಯಲ್ಲಿ ಸ್ಟೆನೋಗ್ರಾಫರ್ ಆಗಿದ್ದೆ. ಟ್ರಸ್ಟಿನ ಹೆಸರು ಬೇಡ, ಅದು ಈಗ ಇಲ್ಲ. ಆರು ತಿಂಗಳ ಪ್ರೊಬೇಷನ್, ಫೆಬ್ರವರಿ ಕೊನೆಗೆ ಮುಗಿಯುವುದಿತ್ತು. ಅಷ್ಟರೊಳಗೆ ಒಂದು ತಪ್ಪು ಕಂಡರೂ ಮನೆಗೆ ಕಳಿಸಬಹುದಿತ್ತು, ಕಾರಣ ಹೇಳಬೇಕಾಗಿರಲಿಲ್ಲ.

ನನ್ನಪ್ಪ ಬಿಜಾಪುರದ ಕಡೆಯಿಂದ ಬಂದು ಪರೇಲಿನ ಗಿರಣಿಯಲ್ಲಿ ದುಡಿದವರು. ಪಗಾರದ ಪಟ್ಟಿಗೆ ಹೆಬ್ಬೆಟ್ಟು ಒತ್ತುತ್ತಿದ್ದರು. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದವನು ನಾನು. ಬೆಳಿಗ್ಗೆ ಆರೂವರೆಗೆ ಕಾಲೇಜು, ಹತ್ತೂವರೆಗೆ ಕೆಲಸ, ಹೀಗೆ ನಾಲ್ಕು ವರ್ಷ. ಫಲಿತಾಂಶ ಬಂದ ಮೇಲೆ ಚಾಳಿನ ನಮ್ಮ ಕೋಣೆಯ ಬಾಗಿಲಿಗೆ ಒಂದು ಹಲಗೆ ಬರೆಸಿ ಹಾಕಿದೆ. ನನ್ನ ಹೆಸರು, ಮುಂದೆ ‘ಬಿ.ಎ.’ ಅಪ್ಪನಿಗೆ ಓದಲು ಬಾರದು. ಆ ಎರಡು ಅಕ್ಷರ ಮಾತ್ರ ಯಾವುದೆಂದು ಕೇಳಿ ತಿಳಿದುಕೊಂಡು ಬೆರಳಿನಿಂದ ಮುಟ್ಟಿ ನೋಡಿದರು. ಎಲ್ಲಿ ಸಹಿ ಹಾಕಿದರೂ ನಾನು ಅದನ್ನು ಬಿಡುತ್ತಿರಲಿಲ್ಲ. ಆಫೀಸಿನಲ್ಲಿ ನಗುತ್ತಿದ್ದರು. ನಗಲಿ ಎಂದುಕೊಂಡಿದ್ದೆ.

ಟ್ರಸ್ಟು ಎರಡು ಕೆಲಸ ಮಾಡುತ್ತಿತ್ತು. ವರ್ಷಕ್ಕೊಮ್ಮೆ ಕಾಲೇಜು ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ಒಂದು ಚರ್ಚಾಸ್ಪರ್ಧೆ, ವರ್ಷಕ್ಕೊಬ್ಬ ವಿದ್ಯಾರ್ಥಿಗೆ ಅಮೆರಿಕದಲ್ಲಿ ಓದಲು ಫೆಲೋಶಿಪ್. ಚರ್ಚೆಯಲ್ಲಿ ಆಡಿದ ಮಾತನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಹಿಡಿದು, ಟೈಪ್ ಮಾಡಿ, ಕೊನೆಯಲ್ಲಿ ‘ಇದು ನಡೆದ ಮಾತಿನ ಪೂರ್ಣ ಹಾಗೂ ನಿಜವಾದ ದಾಖಲೆ’ ಎಂದು ಸಹಿ ಹಾಕಿ ಫೆಲೋಶಿಪ್ ಸಮಿತಿಗೆ ಕೊಡುವುದು ಸ್ಟೆನೋನ ಕೆಲಸ. ಸಮಿತಿಯ ಹಿರಿಯರು ಸಭೆಗೆ ಬರುತ್ತಿರಲಿಲ್ಲ. ಕಾಗದ ಓದುತ್ತಿದ್ದರು.

ಆ ವರ್ಷದ ವಿಷಯ: ‘ಅಧಿಕಾರ ಬಿಡಲಿರುವ ಅಮೆರಿಕದ ಅಧ್ಯಕ್ಷರನ್ನು ಇತಿಹಾಸ ಮನ್ನಿಸುವುದಿಲ್ಲ.’ ಎರಡು ಊರುಗಳ ಮೇಲೆ ಅಣುಬಾಂಬು ಹಾಕಿಸಿದವರು, ಕೊರಿಯಾದ ಯುದ್ಧಕ್ಕಿಳಿದವರು. ಇನ್ನು ಹತ್ತು ದಿನಕ್ಕೆ ಕುರ್ಚಿ ಬಿಡುವವರಿದ್ದರು. ಅವರ ದೇಶದ ಜನಕ್ಕೇ ಅವರು ಬೇಡವಾಗಿದ್ದರೆಂದು ಪೇಪರುಗಳಲ್ಲಿ ದಿನಾಲೂ ಬರುತ್ತಿತ್ತು.

ಫೆಲೋಶಿಪ್ಪಿಗೆ ಅರ್ಜಿ ಹಾಕಿ ಚರ್ಚೆಗೂ ನಿಂತವರಲ್ಲಿ ಗುರುಪಾದ ಇಂಗಳಗಿ ಒಬ್ಬ. ನಮ್ಮ ಜಿಲ್ಲೆಯ ಹುಡುಗ, ನನಗಿಂತ ಮೂರು ವರ್ಷ ಚಿಕ್ಕವನು, ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದ. ವಡಾಲದಲ್ಲಿ ಬಂದರಿನ ಕೂಲಿ ಮಾಡುತ್ತಿದ್ದ ಸೋದರಮಾವನ ಖೋಲಿಯಲ್ಲಿ ಇದ್ದ. ಆ ಒಂದೇ ಕೋಣೆಯಲ್ಲಿ ಏಳು ಜನ. ಅವನ ಓದೆಲ್ಲ ನಡೆದದ್ದು ಹಾರ್ಬರ್ ಲೈನಿನ ಲೋಕಲ್‌ನಲ್ಲಿ ನಿಂತುಕೊಂಡು. ಅವರ ಮನೆತನದಲ್ಲೂ ಅವನೇ ಮೊದಲು. ಈ ಫೆಲೋಶಿಪ್ ಬಿಟ್ಟರೆ ಅವನಿಗೆ ಮುಂದಿನ ಓದಿಗೆ ಬೇರೆ ದಾರಿ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ನಾವು ಸಂಜೆ ಕೂಡುತ್ತಿದ್ದೆವು. ಒಂದು ವಾರ ಪೂರ್ತಿ ಇದೇ ವಾದ.

“ಒಂದ ಬಾಂಬಿಗೇ ಅವರ ಸೊಂಟ ಮುರದಿತ್ತು, ಎರಡನೇದ್ದು ಯಾಕ?” ಎಂದು ನಾನು. “ಕೂಸು ಬಾಣಂತಿ ಅನ್ನದ ಸುಟ್ಟವನನ್ನ ಯಾವ ಇತಿಹಾಸ ಮನ್ನಸ್ತದ? ನಮ್ಮ ಮಂದಿ ಹಸಕೊಂಡು ಕೂತಾಗ ಗೋಧಿ ಕೊಡಾಕ ತಿಂಗಳುಗಟ್ಟಲೆ ಕಾಯಿಸಿದ್ರು. ರೇಷನ್ನಿನ್ಯಾಗ ಅವರ ದೇಶದ ಆ ಕೆಂಪು ಮೈಲೋ ಜ್ವಾಳ ಬಂತಲ್ಲ, ನಮ್ಮವ್ವ ರೊಟ್ಟಿ ತಟ್ಟಾಕ ಹೋದ್ರ ಹಂಚಿಗೆ ಮುಟ್ಟೂದ್ರಾಗ ಹರೀತಿತ್ತು.”

“ಅಣ್ಣಾರ, ರೊಟ್ಟಿ ಹರದದ್ದಕ್ಕೂ ಅಧ್ಯಕ್ಷನ ಹೊಣಿ ಏನ್ರಿ?” ಎಂದು ಗುರುಪಾದ ನಕ್ಕ. “ತಡಾ ಮಾಡಿದ್ದು ಅವರ ಪಾರ್ಲಿಮೆಂಟು. ಬಾಂಬಿನ ಮಾತು ಖರೆ, ಅದನ್ನ ನಾ ಅಲ್ಲಗಳೆಯೂದಿಲ್ಲ. ಆದ್ರ ಕೊರಿಯಾದಾಗ ಮತ್ತ ಹಾಕ್ರಿ ಅಂತ ಬೆನ್ನ ಹತ್ತಿದವರಿಗೆ ಕಿವಿ ಕೊಡಲಿಲ್ಲ. ಚೀನಾದ ಮ್ಯಾಲೂ ಯುದ್ಧ ಒಯ್ಯೂಣು ಅಂತಿದ್ದ ಜನರಲ್‌ನ ಮನಿಗೆ ಕಳಿಸಿದ. ಊರೆಲ್ಲಾ ಜನರಲ್‌ಗ ಹೂವು ಎರಚ್ತು, ಇವನಿಗೆ ಬೈತು. ಬೈಸಿಕೊಂಡು ಸುಮ್ಮನಿದ್ದ ನೋಡ್ರಿ, ಅದನ್ನ ಮುಂದ ಎಣಸ್ತಾರ. ಇಪ್ಪತ್ತು ವರ್ಷ ಹೋಗ್ಲಿ.”

ಗಲ್ಲೆಯ ಮೇಲಿದ್ದ ಹೋಟೆಲ್ ಮಾಲೀಕರು ಅಲ್ಲಿಂದಲೇ ಹೇಳಿದರು: “ಇತಿಹಾಸ ಇಪ್ಪತ್ತು ವರ್ಷ ಬಿಟ್ಟು ತೀರ್ಪು ಕೊಡ್ಲಿ ಮಾರಾಯ್ರೆ, ನೀವು ಈಗ ಟೇಬಲ್ ಬಿಟ್ಟು ಕೊಡಿ.”

ಸ್ಪರ್ಧಿಗಳು ಯಾವ ಪಕ್ಷದಲ್ಲಿ ಮಾತಾಡುತ್ತೇವೆಂದು ಮೊದಲೇ ಬರೆದುಕೊಡುವುದು ವಾಡಿಕೆ. ಗುರುಪಾದ ಅಧ್ಯಕ್ಷರ ಪರ ಎಂದು ಬರೆದಿದ್ದ. ಅವನು ಮನಸಾರೆ ಬರೆದದ್ದು. ಆದರೆ ಆರು ಜನರಲ್ಲಿ ಐವರು ಹಾಗೇ ಬರೆದಿದ್ದರು, ಏಕೆಂದರೆ ಅಮೆರಿಕಕ್ಕೆ ಕಳಿಸುವ ಟ್ರಸ್ಟಿನ ಮುಂದೆ ಅಮೆರಿಕವನ್ನು ಬೈಯುವ ಧೈರ್ಯ ಒಬ್ಬನನ್ನು ಬಿಟ್ಟರೆ ಯಾರಿಗೂ ಇರಲಿಲ್ಲ. ಜನವರಿ ಎರಡನೆಯ ಶನಿವಾರ ಮಧ್ಯಾಹ್ನ ಸಭೆ ನಡೆಸಲು ಬಂದ ಪ್ರೊಫೆಸರರು ಪಟ್ಟಿ ನೋಡಿ, “ಇದು ಚರ್ಚೆಯೋ ಸನ್ಮಾನವೋ?” ಎಂದು ಸಿಟ್ಟಾದರು. ಅಲ್ಲೇ ಆರು ಚೀಟಿ ಹರಿದು ಎತ್ತಿಸಿದರು. ಗುರುಪಾದನಿಗೆ ಅಧ್ಯಕ್ಷರ ವಿರುದ್ಧ ಮಾತಾಡುವ ಚೀಟಿ ಬಂತು. ನಮ್ಮ ಸೆಕ್ರೆಟರಿ ಸಾಹೇಬರು ಆ ದಿನ ಜ್ವರದಿಂದ ಮನೆಯಲ್ಲಿದ್ದರು.

ಗುರುಪಾದ ಎದ್ದು ನಿಂತ. ಸಭೆಗೆ ವಂದನೆ ಹೇಳುತ್ತ ಆ ಚೀಟಿಯ ಬಗ್ಗೆಯೇ ಒಂದು ತಮಾಷೆಯ ವಾಕ್ಯ ಆಡಿದ. ಸಭೆಯೆಲ್ಲ ನಕ್ಕಿತು. ಆಮೇಲೆ ಹನ್ನೆರಡು ನಿಮಿಷ ಮಾತಾಡಿದ. ತಯಾರಿ ಇರಲಿಲ್ಲವಲ್ಲ, ಆದ್ದರಿಂದ ಹೋಟೆಲಿನಲ್ಲಿ ನಾನು ಆಡಿದ್ದನ್ನೆಲ್ಲ ಎತ್ತಿಕೊಂಡ. ಎರಡನೆಯ ಬಾಂಬು, ಕೂಸು ಬಾಣಂತಿ, ಕಾಯಿಸಿ ಕೊಟ್ಟ ಗೋಧಿ, ಹರಿಯುವ ರೊಟ್ಟಿ. ನಾನು ಹೇಳಿದ್ದು ಬರೀ ಜಗಳ. ಅವನ ಬಾಯಲ್ಲಿ ಅದು ದೋಷಾರೋಪ ಪಟ್ಟಿಯಾಯಿತು. ಬರೆಯುತ್ತಿದ್ದ ನನ್ನ ಕೈಗೆ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ? ನನ್ನ ಅಭಿಪ್ರಾಯ ಇಷ್ಟು ಒಳ್ಳೆಯ ಇಂಗ್ಲಿಷಿನಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. ಮೊದಲ ಬಹುಮಾನ ಅವನಿಗೇ ಬಂತು.

ಸೋಮವಾರ ಟೈಪ್ ಮಾಡಲು ಕೂತೆ. ನಮ್ಮ ಹೆಡ್ ಸ್ಟೆನೋ ಬಾಂದ್ರಾದ ಡಿಸಿಲ್ವಾ ಅವರು ಮೊದಲ ದಿನವೇ ನನಗೆ ಕಲಿಸಿದ್ದ ನಿಯಮ ಒಂದಿತ್ತು: “ಸಲಾಂ ಛೋಡೋ, ಬಾತ್ ಪಕಡೋ.” ಸಲಾಮು ಬಿಡು, ವಿಷಯ ಹಿಡಿ. ಸಭಾಪತಿಗಳೇ, ಮಹನೀಯರೇ, ನನಗೆ ಅವಕಾಶ ಕೊಟ್ಟದ್ದಕ್ಕೆ ವಂದನೆ ಇತ್ಯಾದಿಗಳನ್ನು ನೋಟ್‌ಬುಕ್ಕಿನಲ್ಲಿ ಹಿಡಿದಿದ್ದರೂ ಟೈಪ್ ಮಾಡುವಾಗ ಬಿಡುವುದು. ಎಲ್ಲ ಸ್ಟೆನೋಗಳೂ ಹಾಗೇ ಮಾಡುತ್ತಿದ್ದರು. ನಾನು ಆರೂ ಜನರ ಸಲಾಮು ಬಿಟ್ಟೆ. ಗುರುಪಾದನ ಸಲಾಮಿನ ಜೊತೆ ಅವನ ಚೀಟಿಯ ವಾಕ್ಯವೂ ಹೋಯಿತು. ಚೀಟಿ ಎತ್ತಿಸಿದ ಸುದ್ದಿ ಆ ಕಾಗದದಲ್ಲಿ ಇನ್ನೆಲ್ಲೂ ಇರಲಿಲ್ಲ. ಕೊನೆಗೆ ‘ಪೂರ್ಣ ಹಾಗೂ ನಿಜವಾದ’ ಎಂಬುದರ ಕೆಳಗೆ ಸಹಿ ಮಾಡಿದೆ. ಮುಂದೆ ಬಿ.ಎ.

ಫೆಬ್ರವರಿ ಮೊದಲ ವಾರ ಸಮಿತಿ ಸೇರಿತು. ನಡಾವಳಿ ಟೈಪ್ ಮಾಡಲು ನನ್ನ ಟೇಬಲ್ಲಿಗೇ ಬಂತು. ಗುರುಪಾದನ ಹೆಸರಿನ ಮುಂದೆ ಬರೆದಿತ್ತು: ‘ಅರ್ಹತೆಯಲ್ಲಿ ಎಲ್ಲರಿಗಿಂತ ಮುಂದು. ಆದರೆ ನಮಗೆ ಬರೆದುಕೊಟ್ಟದ್ದು ಒಂದು, ವೇದಿಕೆಯ ಮೇಲೆ ಆಡಿದ್ದು ಅದರ ವಿರುದ್ಧ. ಇಂಥವರನ್ನು ನಂಬಿ ಪರದೇಶಕ್ಕೆ ಕಳಿಸಲಾಗದು.’ ಬೇರೊಬ್ಬನ ಹೆಸರು ಆರಿಸಿದ್ದರು. ಪಟ್ಟಿ ತಿಂಗಳ ಕೊನೆಗೆ ಅಮೆರಿಕಕ್ಕೆ ಹೋಗುವುದು, ಅಲ್ಲಿಯವರೆಗೆ ತಿದ್ದಲು ಅವಕಾಶವಿತ್ತು. ತಿರಸ್ಕಾರದ ಕಾರಣವನ್ನು ಅಭ್ಯರ್ಥಿಗೆ ತಿಳಿಸುತ್ತಿರಲಿಲ್ಲ.

ಅಂದೇ ಎದ್ದು ಹೋಗಿ ಹೇಳಬಹುದಿತ್ತು. ಸೆಕ್ರೆಟರಿಗಳ ಕೋಣೆ ನನ್ನ ಟೇಬಲ್ಲಿನಿಂದ ಎಂಟು ಹೆಜ್ಜೆ. ಆದರೆ ಹೇಳಿದರೆ ನನ್ನ ‘ಪೂರ್ಣ’ ಸುಳ್ಳಾಗುತ್ತಿತ್ತು, ಪ್ರೊಬೇಷನ್ ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪನಿಗೆ ಆಗ ಕೆಮ್ಮು, ಗಿರಣಿಗೆ ಹೋಗುವುದು ನಿಂತಿತ್ತು. ಇವೆಲ್ಲ ಕಾರಣಗಳೇ. ಹೆದರಿದೆ ಎಂಬುದು ಅವೆಲ್ಲಕ್ಕಿಂತ ದೊಡ್ಡ ಕಾರಣ. ಮೂರು ವಾರ ಗ್ರಾಂಟ್ ರೋಡಿನ ಹೋಟೆಲಿಗೂ ಹೋಗಲಿಲ್ಲ.

ಫೆಬ್ರವರಿ 28, ಶನಿವಾರ, ನೌಕರಿ ಕಾಯಂ ಆದ ಪತ್ರ ಕೈಗೆ ಬಂತು. ಸೋಮವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಸೆಕ್ರೆಟರಿಗಳ ಮುಂದೆ ನಿಂತು ಎಲ್ಲ ಹೇಳಿದೆ.

“ಪಟ್ಟಿ ಶನಿವಾರದ ಏರ್‌ಮೇಲಿನಲ್ಲಿ ಹೋಯಿತಲ್ಲ,” ಎಂದರು ಅವರು. ನಿವೃತ್ತ ಮ್ಯಾಜಿಸ್ಟ್ರೇಟರು, ಮಾತು ಯಾವಾಗಲೂ ಮೆಲ್ಲಗೆ. “ಈ ಗೆರೆಗಳನ್ನು ನಿಮ್ಮನ್ನು ಬಿಟ್ಟು ಯಾರು ಓದಬೇಕು?”

ಡಿಸಿಲ್ವಾ ಅವರನ್ನು ಕರೆಸಿದರು. ಅವರು ಕನ್ನಡಕ ಏರಿಸಿ ಆ ಸಾಲನ್ನು ನೋಡಿದರು. ಅವರಿಗೆ ಓದಲು ಬಂತು, ಅವರ ಮುಖದಲ್ಲೇ ನನಗೆ ಕಂಡಿತು. “ಒಬ್ಬೊಬ್ಬರ ಕೈ ಒಂದೊಂದು ಥರ ಸಾಹೇಬ್. ಖಚಿತವಾಗಿ ಹೇಳಲಾರೆ,” ಎಂದರು. ಸಲಾಂ ಬಿಡುವ ನಿಯಮ ಅವರದು. ಅವರಿಗೂ ನಿವೃತ್ತಿಗೆ ಎರಡೇ ವರ್ಷ ಇತ್ತು.

“ಸಭೆ ನಡೆಸಿದ ಪ್ರೊಫೆಸರರನ್ನು ಕೇಳಿ ಸಾಹೇಬ್,” ಎಂದೆ.

“ಕೇಳಿದರೆ ಸಮಿತಿ ತಪ್ಪು ಮಾಡಿದೆ ಎಂದಾಗುತ್ತದೆ. ಅಲ್ಲದೆ ನೀವೂ ಆ ಹುಡುಗನೂ ಒಂದೇ ಜಿಲ್ಲೆಯವರು, ಅಲ್ಲವೇ? ಕಾಯಂ ಆದ ಮೇಲೆ ನೆನಪಾಯಿತು ಎಂದರೆ ಯಾರು ನಂಬುತ್ತಾರೆ?” ನೋಟ್‌ಬುಕ್ಕನ್ನು ನನ್ನ ಕಡೆ ಸರಿಸಿ ಕೇಳಿದರು: “ನೀವು ಸಹಿ ಹಾಕಿದ್ದು ಸುಳ್ಳೇ?”

“ಸುಳ್ಳಲ್ಲ ಸಾಹೇಬ್. ಅರ್ಧ.”

“ಅರ್ಧ ಎಂದು ಬರೆದುಕೊಟ್ಟರೆ ನಿಮ್ಮ ನೌಕರಿ ಹೋಗುತ್ತದೆ, ಅವನಿಗೆ ಏನೂ ಸಿಗುವುದಿಲ್ಲ. ಪೂರ್ಣ ಎಂದೇ ಇರಲಿ.”

ನಾನು ನೋಟ್‌ಬುಕ್ ಎತ್ತಿಕೊಂಡು ಎಂಟು ಹೆಜ್ಜೆ ಹಿಂದಕ್ಕೆ ಬಂದು ಕೂತೆ. ಬರೆದುಕೊಡಲಿಲ್ಲ.

ಅಂದು ಸಂಜೆ ಗುರುಪಾದನಿಗೆ ಹೇಳಿದೆ, ಅದೇ ಹೋಟೆಲಿನಲ್ಲಿ. ಅವನು ಬಸಿಯಲ್ಲಿ ಸುರಿದುಕೊಂಡ ಚಹಾ ಆರಿಹೋಯಿತು.

“ಮೂರು ವಾರ ಏನ್ ಮಾಡಿದ್ರಿ ಅಣ್ಣಾರ?”

“ಕಾಯಂ ಆಗೂದು ಕಾಯ್ತಿದ್ದೆ ತಮ್ಮಾ.”

“ಆದ್ರಿ?”

“ಆದೆ.”

“ಚಲೋ ಆತು.” ಬಸಿಯನ್ನು ದೂರ ಸರಿಸಿ ಎದ್ದ. “ನಿಮ್ಮ ಮಾತು ನಾ ಆಡಿದೆ. ನನ್ನ ಮಾತು ನೀವು ಬಿಟ್ರಿ.”

ಅವನು ಎಂ.ಎ. ಮುಗಿಸಿದ. ವಡಾಲದ ಒಂದು ಗೋದಾಮಿನಲ್ಲಿ ಗುಮಾಸ್ತನಾದ, ಕಾಲಕ್ರಮದಲ್ಲಿ ಹೆಡ್ ಕ್ಲಾರ್ಕ್ ಆದ. ಅಮೆರಿಕಕ್ಕೆ ಹೋಗುವ ಪೆಟ್ಟಿಗೆಗಳ ಮೇಲೆ ಅಂಕಿ ಬರೆಸುತ್ತಿದ್ದ.

ಇಪ್ಪತ್ತು ವರ್ಷ ದಾಟಿದ ಮೇಲೆ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಲೇಖನ ಓದಿದೆ. ಆ ಅಧ್ಯಕ್ಷರು ಆಗಲೇ ತೀರಿಕೊಂಡಿದ್ದರು. ಅವರ ದೇಶದ ಪಂಡಿತರು ಹಳೆಯ ಕಾಗದಗಳನ್ನು ತೆಗೆದು ನೋಡಿ ಅವರನ್ನು ಮೇಲಿನ ಸಾಲಿಗೆ ಏರಿಸಿದ್ದರು. ಜನರಲ್‌ನನ್ನು ಮನೆಗೆ ಕಳಿಸಿದ್ದು, ಬೈಸಿಕೊಂಡು ಸುಮ್ಮನಿದ್ದದ್ದು, ಗುರುಪಾದ ಹೇಳಿದ್ದೆಲ್ಲ ಅದರಲ್ಲಿತ್ತು. ಎರಡನೆಯ ಬಾಂಬಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ, ಅದು ಬೇರೆ ಮಾತು. ಆ ಹಾಳೆ ಕತ್ತರಿಸಿಕೊಂಡು ವಡಾಲಕ್ಕೆ ಹೋದೆ. ಯಾಕೆ ಹೋದೆನೋ, ಅವನು ಖುಷಿಪಟ್ಟರೆ ನನ್ನ ಭಾರ ಇಳಿದೀತೆಂಬ ಆಸೆಯಿದ್ದಿರಬೇಕು.

ಅವನು ಗೋದಾಮಿನ ಬಾಗಿಲಲ್ಲಿ ನಿಂತೇ ಪೂರ್ತಿ ಓದಿದ. ಮಡಿಸಿ ವಾಪಸು ಕೊಟ್ಟ.

“ನಾ ಹೇಳಿದ್ದ ಖರೆ ಆತಲ್ರಿ ಅಣ್ಣಾರ. ಆದ್ರ ನಾ ಹೇಳಿದ್ನಿ ಅಂತ ಎಲ್ಲೀ ಬರದಿಲ್ಲ.”

ಮೂವತ್ತೊಂದು ವರ್ಷ ಸ್ಟೆನೋ ಆಗಿದ್ದೆ. ಇತಿಹಾಸ ತನ್ನ ತೀರ್ಪನ್ನು ತಿದ್ದಿಕೊಳ್ಳುತ್ತದೆಂದು ದೊಡ್ಡವರು ಹೇಳುತ್ತಾರೆ. ಯಾರ ಕಾಗದಗಳನ್ನು ಜೋಪಾನವಾಗಿ ಇಟ್ಟಿರುತ್ತಾರೋ ಅವರ ಮಟ್ಟಿಗೆ ಅದು ನಿಜ. ಉಳಿದವರಿಗೆ ನನ್ನಂಥವನೊಬ್ಬ ಸೋಮವಾರ ಬೆಳಿಗ್ಗೆ ಟೈಪ್ ಮಾಡಿದ್ದೇ ಕೊನೆಯ ತೀರ್ಪು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಕಲಿತದ್ದು ಬೇರೊಬ್ಬನ ಬದುಕಿನ ಮೇಲೆ. ಆಮೇಲೆ ನಿವೃತ್ತಿಯವರೆಗೂ ಯಾರ ಸಲಾಮನ್ನೂ ಬಿಡಲಿಲ್ಲ. ‘ಇವನ ರಿಪೋರ್ಟಿನಲ್ಲಿ ಮಹನೀಯರೇ ಮಹನೀಯರೇ ಎಂದೇ ಒಂದು ಪುಟ’ ಎಂದು ನಗುತ್ತಿದ್ದರು. ಬಿ.ಎ. ಎಂದು ಬರೆಯುವುದನ್ನು ಮಾತ್ರ ನಿಲ್ಲಿಸಿದೆ.

ಆ ನೋಟ್‌ಬುಕ್ ನನ್ನ ಬಳಿಯೇ ಇದೆ. ಸೀಸದ ಗೆರೆ ಮಾಸುತ್ತಿದೆ, ಇನ್ನೂ ಓದಲು ಬರುತ್ತದೆ. ಅಂದು ಟೈಪ್ ಮಾಡದೆ ಬಿಟ್ಟದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ:

“ಸಭಾಪತಿಗಳೇ, ಮಹನೀಯರೇ, ಈ ಪಕ್ಷವನ್ನು ನನಗೆ ಕೊಟ್ಟದ್ದು ಒಂದು ಚೀಟಿ. ನಾನು ಇಲ್ಲಿ ನಿಂತು ಮಾತಾಡುತ್ತೇನೆ, ನನ್ನ ಮನಸ್ಸು ಎದುರಿನ ಬೆಂಚಿನಲ್ಲಿ ಕೂತಿದೆ. ದಯವಿಟ್ಟು ಇದನ್ನು ಬರೆದುಕೊಳ್ಳಿ.”